ಆರು ಗಂಟೆಯ ಹಾಜರಿ

ಹೋಗುವ ದಿನ ಕರ್ನಲ್ ಮೆಹೆಂದಳೆ
ಕೀಲಿಯೊಂದನ್ನು ನನ್ನ ಅಂಗೈಗಿಟ್ಟರು:
ಬಾಕಿ ಎಲ್ಲ ಫೈಲಿನಲ್ಲಿದೆ ಡಾಕ್ಟರ್,
ಇದೊಂದು ಇಲ್ಲ.

ಎಡಗಡೆ ಮೂರನೇ ಡ್ರಾಯರು.
ಒಳಗೆ ಇಪ್ಪತ್ತಮೂರು ಕ್ಯಾಂಟೀನ್ ಕಾರ್ಡು,
ರಬ್ಬರ್ ಬ್ಯಾಂಡು ಸುತ್ತಿ, ಇಸ್ಪೀಟಿನ ಕಟ್ಟಿನಂತೆ.
ತಿಂಗಳಿಗಿಷ್ಟು ಬಾಟಲಿ ಎಂದು ಸರಕಾರ ಕೊಟ್ಟ ಹಕ್ಕು,
ತಾವಾಗಿ ತಂದು ಒಪ್ಪಿಸಿದ್ದು.
ಒಂದೊಂದರಲ್ಲೂ ಒಂದು ಮೀಸೆ,
ಕ್ಯಾಮೆರಾಕ್ಕೆ ಹೆದರದ ಒಂದು ಜೊತೆ ಕಣ್ಣು.

ಖಡಕಿಯ ಹಳೇ ಬ್ಯಾರಕು, ಮೂವತ್ತು ಮಂಚ.
ಹಿಂದೆ ರೈಲು, ಮುಂದೆ ಮದ್ದಿನ ಕಾರ್ಖಾನೆ.
ನಾವು ಕೊಡುವುದೂ ಮದ್ದೇ ಅಂತ
ಕನ್ನಡದಲ್ಲಿ ಅಂದೆ, ಒಬ್ಬಳೇ.
ಮೂಲೆಯ ಮಂಚದಲ್ಲಿ ಒಬ್ಬ ನಕ್ಕ:
ಹವಾಲ್ದಾರ್ ಯಲ್ಲಪ್ಪ ಘಾಳಿ, ಮುಕ್ಕಾಂ ಘಟಪ್ರಭಾ.

ನಾನು ಒಳಬಂದರೆ ಎಲ್ಲರೂ ಏಳುತ್ತಿದ್ದರು.
ಏಳಬೇಡಿ ಅಂದೆ. ಮೊದಲ ಆದೇಶ.
ಯಾರೂ ಪಾಲಿಸಲಿಲ್ಲ.
ಎರಡನೆಯದನ್ನು ಟೈಪು ಮಾಡಿಸಿದೆ:
ಸಂಜೆಯ ಹಾಜರಿ ರದ್ದು.
ಇವರು ರೋಗಿಗಳು, ಸಿಪಾಯಿಗಳಲ್ಲ.
ಕೆಳಗೆ ನನ್ನ ಸಹಿ, ಸಹಿಯ ಕೆಳಗೆ ಹೊಸ ಹುದ್ದೆ.
ಸ್ವಲ್ಪ ಹೊತ್ತು ಅದನ್ನೇ ನೋಡಿದೆ, ಸುಳ್ಳು ಯಾಕೆ.

ಆಮೇಲೆ ಮೀಟಿಂಗು.
ಮಂಚವೊಂದಕ್ಕೆ ದಿನಕ್ಕೆಷ್ಟು ಖರ್ಚು,
ಮತ್ತೆ ಕುಡಿದವರು ನೂರಕ್ಕೆಷ್ಟು,
ಚಹಾದಲ್ಲಿ ಚಮಚ ತಿರುಗಿಸುತ್ತ ಕೇಳುತ್ತಾರೆ.
ಚಮಚ ಬಸಿಗೆ ತಗಲಿದ ಸದ್ದು
ವಾರ್ಡಿನಲ್ಲಿ ಹಲ್ಲು ಕಟಕಟಿಸುವ ಸದ್ದಿನ ಹಾಗೇ ಇರುತ್ತದೆ.
ಮೂರು ವಾರದಿಂದ ಒಬ್ಬರ ನಾಡಿಯನ್ನೂ ಹಿಡಿದಿಲ್ಲ.

ನಾಯಕ್ ಶಿರ್ಕೆ ಆಳಂದಿಗೆಂದು ಹೋದವನು
ಎರಡು ದಿನದ ಚೀಟಿ ಬರೆಸಿಕೊಂಡು.
ಇಂದಿಗೆ ಹನ್ನೊಂದು.
ಹತ್ತು ದಾಟಿದರೆ ಹೆಸರು ಹೊಡೆದು
ಮಂಚ ಮುಂದಿನವನಿಗೆ. ನಿಯಮ.
ಫೈಲು ಬಂತು. ಆಗ ಗಡಿಯಾರ ಆರು ಹೊಡೆಯಿತು,
ಹೊರಗೆ ಯಾರೋ ಹೆಸರು ಕೂಗಿದರು.

ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದರು,
ಪೈಜಾಮದಲ್ಲಿ, ಬನಿಯನ್ನಿನಲ್ಲಿ, ಒಬ್ಬ ಊರುಗೋಲಿನಲ್ಲಿ.
ಸಿಸ್ಟರ್ ಅನ್ನಮ್ಮ ನೆಲ ನೋಡಿದಳು:
ನಿಮ್ಮ ಆರ್ಡರಿನ ಮರುದಿನದಿಂದ, ಮೇಡಂ.

ಯಲ್ಲಪ್ಪ ಬಂದು ಸೆಟೆದು ನಿಂತ.
ತಪ್ಪ ತಿಳೀಬ್ಯಾಡ್ರಿ. ಆರ ಗಂಟೆ ಆತಂದ್ರ
ಕೈ ತಾನ ಗ್ಲಾಸ ಹುಡಕತೈತ್ರಿ.
ಇಪ್ಪತ್ತೆರಡ ವರ್ಷ ಇದ ಹೊತ್ತಿಗೆ
ಅಳತೀ ಮಾಡಿ ಹಾಕಿ ಕೊಟ್ಟಾರ, ಥಂಡ್ಯಾಗ, ಬರಫಿನ್ಯಾಗ.
ಈಗ ಅದ ಹೊತ್ತಿಗೆ ಹೆಸರ ಕರದ್ರ
ಕೈ ಪ್ಯಾಂಟಿನ ಹೊಲಿಗಿಗೆ ಅಂಟಿ ನಿಲ್ಲತಾವ್ರಿ.
ಹತ್ತ ಮಿನಿಟ ದಾಟಿದ್ರ ಸಾಕು.
ರಾತ್ರಿ ದಾಟಿದಂಗ.

ಇಪ್ಪತ್ತು ವರ್ಷ ಓದಿದ್ದೇನೆ ನಾನು,
ಹೊಲಿಗೆಯ ಸಂಗತಿ ಎಲ್ಲೂ ಇರಲಿಲ್ಲ.

ಶಿರ್ಕೆ, ಎಂದು ಕೂಗಿದ.
ಸುಟ್ಟೀವರ್, ಅಂದಿತು ಯಾವುದೋ ಗಂಟಲು.
ರಜೆ. ಒಂದು ಉಸಿರಿನಷ್ಟು ಮೌನ.
ಮುಂದಿನ ಹೆಸರು.

ಆದೇಶವನ್ನು ವಾಪಸು ಪಡೆದಿಲ್ಲ.
ಪಡೆದರೆ ಅದು ಮತ್ತೆ ನನ್ನ ಹಾಜರಿಯಾದೀತು.
ಐದರ ಮೇಲೆ ಮೀಟಿಂಗಿಗೆ ಒಲ್ಲೆ ಅನ್ನುತ್ತೇನೆ,
ಕಾರಣ ಕೊಡುವುದಿಲ್ಲ.
ಕಂಬದ ಹಿಂದೆ ನಿಲ್ಲುತ್ತೇನೆ, ಕೈ ಕಟ್ಟಿಕೊಂಡು,
ಕಟ್ಟಿದ್ದನ್ನು ಬಿಚ್ಚಿ.

ಡ್ರಾಯರು ತೆಗೆದು ನೋಡಿದೆ. ಶಿರ್ಕೆಯ ಕಾರ್ಡು ಇಲ್ಲೇ ಇದೆ.
ಬೇಡವೆಂದೇ ಬಿಟ್ಟುಹೋದನೋ,
ಊರ ತುಂಬ ಅಂಗಡಿಗಳಿರುವಾಗ ಕಾರ್ಡು ಯಾತಕ್ಕೆ ಎಂದನೋ.
ಪೆನ್ನಿನಲ್ಲಿ ಶಾಯಿ ಇಲ್ಲವೆಂದೆ.
ಅನ್ನಮ್ಮ ಹೊಸ ಪೆನ್ನು ತಂದಿಟ್ಟಳು,
ಮಾತಾಡದೆ ಕಿಟಕಿಯತ್ತ ನೋಡಿದಳು.

ಗೇಟಿನ ಬಳಿ ಸಾತಾರದವನೊಬ್ಬ
ಬೆಳಗಿನಿಂದ ಕಬ್ಬಿಣದ ಟ್ರಂಕಿನ ಮೇಲೆ ಕೂತಿದ್ದಾನೆ,
ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು.
ಐದೂ ಮುಕ್ಕಾಲು.