ಎಡಭುಜ

ಕಾರವಾರದ ಪೊಲೀಸ್ ಮೈದಾನದಲ್ಲಿ ಹತ್ತು ದಿನ.
ಮೊದಲ ಮೂರು ದಿನ ತೋಟಾ ಮುಟ್ಟಗೊಡಲಿಲ್ಲ
ತಳೇಕರ ಹವಾಲ್ದಾರರು:
"ಖಾಲಿ ಅಂತ ಗೊತ್ತಿದ್ದರೂ ತೆರೆದು ನೋಡು.
ಗೊತ್ತಿದೆ ಅಂದವರೇ ಹೆಚ್ಚು ಕೊಂದಿದ್ದು."

ಅನ್ನಕ್ಕೆ ಚಾಚಿದ ಎಡಗೈಗೆ
ಚಿಕ್ಕಂದಿನಲ್ಲಿ ಸೌಟಿನೇಟು ಬಿದ್ದಿತ್ತು.
ಇವರು ಒಂದೊಂದೇ ಕಣ್ಣು ಮುಚ್ಚಿಸಿ ನೋಡಿ
"ನಿನ್ನದು ಎಡಗಣ್ಣು, ಎಡಕ್ಕೇ ಹಿಡಿ"
ಅಂದರು, ಅಷ್ಟೆ.

ಪೇಟೆಯ ಪಟ್ಟಿಗಳೆಲ್ಲ ಬಲಗೈಯವರಿಗೆ.
ನೈಲಾನಿನದು ಅಗ್ಗ; ಬಕಲಿಗೆ
ಕಡಲಗಾಳಿ ಒಂದೇ ತಿಂಗಳು ಸಾಕು.
ಕೋಡಿಬಾಗದ ಬಸ್ತ್ಯಾಂವ, ಚಪ್ಪಲಿ ಹೊಲಿಯುವವ,
ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ:
"ಏನು ಹೊಡೀತೀರಿ ಬಾಯಿ?"

"ಕಾಗದದ ವೃತ್ತ."

ನಕ್ಕ. ದಾರ ಹಿಡಿದು ಅಳೆದ
ಎಡಭುಜದಿಂದ ಸೊಂಟದವರೆಗೆ.
ಗಂಟು ಬಿಚ್ಚಿ ಮತ್ತೊಮ್ಮೆ ಅಳೆದ.
ಮೊದಲ ಸಲ
ಉಸಿರು ಬಿಗಿಹಿಡಿದಿದ್ದೆನಂತೆ.