ಕರುವಿನ ಬೆನ್ನಿಗೆ ಉಪ್ಪು

ಸೀಸೆಗಳ ಪೆಟ್ಟಿಗೆ ಹೊತ್ತು ತಿಂಗಳಿಗೊಮ್ಮೆ
ಕಾಂತಾಲ್ ಗುಡ್ಡ ಹತ್ತುತ್ತೇನೆ,
ಹಾಲು ಅಳೆಯುವವ ನಾನು.
ಕಣಿವೆಯ ಕಪ್ಪುಬಿಳಿ ಹಸುಗಳು
ಯಂತ್ರ ಕಂಡರೂ ಸೊರೆ ಬಿಡುತ್ತವೆ,
ಬಕೆಟ್ಟು ತುಂಬ, ತೆಳ್ಳಗೆ.
ಒಡಿಲಳ ಕೆಂದ ಸಾಲೆರ್ ಹಾಗಲ್ಲ:
ಮುಂಗಾಲಿಗೆ ಕರು ಕಟ್ಟಿರಬೇಕು,
ಅದರ ಬೆನ್ನಿಗೆ ಹಿಡಿ ಉಪ್ಪು;
ನೆಕ್ಕುತ್ತ ನೆಕ್ಕುತ್ತ ತಾಯಿ ಮೈಮರೆತರಷ್ಟೇ
ಚೊರ್ರೆಂದು ಮೊದಲ ಧಾರೆ.

ಮಾರ್ಚಿನಲ್ಲಿ, ಕೊಟ್ಟಿಗೆಯ ಒಣಹುಲ್ಲಿಗೆ,
ಬೆಣ್ಣೆ ಸುಣ್ಣದ ಬಣ್ಣವಿತ್ತು.
ಈಗ ಜೂನು. ಜೆಂಷಿಯನ್ ಕಹಿಯೆಂದು ಬಿಟ್ಟು
ಕಾಡುಥೈಮು, ಕ್ಲೋವರು ಕಿತ್ತು ತಿಂದು ಬಂದಿದೆ
ಅದೇ ಹಸು, ಅದೇ ಕೆಚ್ಚಲು.
ಬೆಣ್ಣೆಗೆ ಯಾರೋ ಅರಿಶಿನ ಹಚ್ಚಿದ್ದಾರೆ.

ನನ್ನ ಚೀಟಿಯಲ್ಲಿ ಎರಡೇ ಅಂಕಣ: ಜಿಡ್ಡು, ಪ್ರೋಟೀನು.
"ಯಾವ ಇಳಿಜಾರು ಅಂತ ಬರೆಯೋಕೆ ಜಾಗ ಇಲ್ವಾ?"
ಒಡಿಲ್ ಬೆರಳದ್ದಿ ಚೀಪುತ್ತಾಳೆ,
ಕಣ್ಣು ಕಿರಿದು ಮಾಡಿ, ಇನ್ನೊಮ್ಮೆ.
"ನಿನ್ನೆ ಇವಳು ಬೇಲಿ ಹಾರಿದ್ದಾಳೆ.
ಇದು ಫಿರ್ಮಿನನ ಹುಲ್ಲು."

ಕೆಳಗಿಳಿದು, ದೀಪದಡಿ ಪೆಟ್ಟಿಗೆ ಬಿಚ್ಚಿದೆ.
ಮೂರನೆಯ ಸೀಸೆಯ ಮುಚ್ಚಳದ ಮೇಲೆ
ಉಪ್ಪಿನ ಎರಡು ಹರಳು, ಒಂದು ಕೆಂಪು ಕೂದಲು.
ನಿಯಮದಂತೆ ಅದನ್ನು ದೋಷವೆಂದು ಬರೆಯಬೇಕು.

ಬರೆಯಲಿಲ್ಲ.
ಆಚೀಚೆ ನೋಡಿ
ನೆಕ್ಕಿಬಿಟ್ಟೆ.