ಎಡಗೈ

ಧಮನಿ ಗೋಡೆ ದಪ್ಪ, ಮೂರು ಪದರು,
ಎದಿ ಏಟು ತಿಂದು ತಿಂದು ಗಟ್ಟಿ ಆದದ್ದು.
ಸಿರೆ ತೆಳು. ಒಳಗ ಸಣ್ಣ ಸಣ್ಣ ಕದ,
ಏರಿದ ರಕ್ತ ಹಿಂದಕ್ಕ ಜಾರಬಾರದಂತ.
ಎರಡೂ ಮಣಿಕಟ್ಟಿನಾಗ ಕೂಡಿಸಿ ಹೊಲಿದಾರ,
ಡಯಾಲಿಸಿಸ್ ಸೂಜಿಗಿ.

"ನಡುವ ಕೂದಲೆಳಿ ನಾಳ ಇರ್ತಾವಲ್ಲ, ಅವು?"
ಸುವಾರ್ತಾ ಸಿಸ್ಟರ್ ನಕ್ಕಳು:
"ಅವನ್ನ ಬಿಟ್ಟು ಸೀದಾ ಹಾದಿ, ಚಾಚಾ."

ಬೀದರಿನಾಗ ನಲವತ್ತು ವರ್ಷ
ಹೂಜಿ ಮೈ ಕೊರೆದು
ಬೆಳ್ಳಿ ತಂತಿ ಕೂಡಿಸಿದಾಂವ ನಾನು.
ಬೆಸುಗಿ ಇಲ್ಲ, ಬರೇ ಸುತ್ತಿಗಿ ಮಾತು.
ಕ್ವಾಟಿ ಮಣ್ಣಾಗ ಕುದಿಸಿದರೂ
ಬೆಳ್ಳಿ ಕಪ್ಪಾಗಂಗಿಲ್ಲ, ಸದ್ದೂ ಮಾಡಂಗಿಲ್ಲ.
ಈ ಹೊಲಿಗಿ ಮಾತ್ರ ಗುಂಯ್ ಅಂತದ,
ಜೇನುಹುಳ ಹೊಕ್ಕ ಹೂಜಿ ಹಂಗ.

ರಾತ್ರಿ ಮೆಹಮೂದಾ ಮಣಿಕಟ್ಟಿಗಿ ಕಿವಿ ಇಟ್ಟು
"ಅದ" ಅಂತಾಳ.
ಆಮ್ಯಾಲೇ ದೀಪ ಆರಸ್ತಾಳ.